ಕಾಲು ಚಾಚುವಷ್ಟು ಜಾಗ

ಜೀವಮಾನವಿಡೀ ನಾನು ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತು ಪಂಪು, ವಾಲ್ವುಗಳ ನಕ್ಷೆ ಬಿಡಿಸಿದವನು. ನವಿ ಮುಂಬಯಿಯ ಕಾರ್ಖಾನೆಯಲ್ಲಿ ನನ್ನ ನಕ್ಷೆಯಲ್ಲಿ ತಪ್ಪು ಹುಡುಕಿದ ಸಾಹೇಬರು ಯಾರೂ ಇಲ್ಲ. ಇದ್ದರೆ ಈಗಲೂ ಬರಲಿ, ಮಾತಾಡುವ. ಅಂಥವನನ್ನು ನಿವೃತ್ತಿಯಾದ ಮೇಲೆ ಒಂದು ಮಡಚುವ ಮೇಜು ಸಾಕುಸಾಕು ಮಾಡಿತು. ಮೇಜನ್ನು ದೂರಿ ಪ್ರಯೋಜನವಿಲ್ಲ, ಸಾಕುಸಾಕು ಮಾಡಿದ್ದು ನನ್ನ ಹೆಂಡತಿ ನಳಿನಾಕ್ಷಿ.

ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಮಳೆಗಾಲದಲ್ಲಿ, ತುಳುನಾಡಿನ ನಾವು ತೀರಿಹೋದ ಹಿರಿಯರಿಗೆ ಬಡಿಸುತ್ತೇವೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಅಡುಗೆ ಮಾಡಿ, ಬಾಳೆಎಲೆ ಹಾಕಿ, ದೀಪ ಹಚ್ಚಿ, ಹಿರಿಮಗ ಅವರನ್ನು ಊಟಕ್ಕೆ ಕರೆಯುತ್ತಾನೆ. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತೇವೆ. ಅವರು ಉಂಡಾಗುವಷ್ಟು ಹೊತ್ತು ಕಾದು, ಬಾಗಿಲು ತಟ್ಟಿ ಒಳಗೆ ಹೋಗುವುದು ಕ್ರಮ. ಇಷ್ಟು ವರ್ಷ ಇದು ಡೊಂಬಿವಲಿಯಲ್ಲಿ ಅಣ್ಣ ಹರಿಶ್ಚಂದ್ರನ ಮನೆಯಲ್ಲಿ ನಡೆಯುತ್ತಿತ್ತು. ಈ ವರ್ಷ ಆ ಬಿಲ್ಡಿಂಗ್ ರಿಡೆವಲಪ್‌ಮೆಂಟಿಗೆ ಹೋಗಿ, ಅಣ್ಣ ಕಲ್ಯಾಣದಲ್ಲಿ ಬಾಡಿಗೆಗೆ ಕೂತಿದ್ದಾನೆ. ಬಾಡಿಗೆ ಮನೆಗೆ ಹಿರಿಯರನ್ನು ಕರೆಯುವುದು ಚೆಂದವಲ್ಲವೆಂದು ಅವನೇ ಹೇಳಿದ್ದರಿಂದ, ಐರೋಲಿಯ ನಮ್ಮ ಸಣ್ಣ ಫ್ಲ್ಯಾಟಿಗೆ ಅಪ್ಪ ಮೊದಲ ಸಲ ಊಟಕ್ಕೆ ಬರುವುದೆಂದಾಯಿತು.

ಅಪ್ಪ ಈ ಫ್ಲ್ಯಾಟನ್ನು ನೋಡಿದವರಲ್ಲ. ಅವರು ಥಾಣೆ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದರು. ಡೊಂಬಿವಲಿಯ ಚಾಳಿನ ಒಂದೇ ಕೋಣೆಯಲ್ಲಿ ನಾವೆಲ್ಲ ಬೆಳೆದದ್ದು. ಆ ಕೋಣೆಯಲ್ಲಿ ಮಡಚಲು ಬಾರದ ವಸ್ತುವಿಗೆ ಜಾಗವಿರಲಿಲ್ಲ. ಚಾಪೆ ಮಡಚುತ್ತಿತ್ತು, ಹಾಸಿಗೆ ಮಡಚುತ್ತಿತ್ತು, ಕಬ್ಬಿಣದ ಕುರ್ಚಿ ಗೋಡೆಗೆ ಒರಗುತ್ತಿತ್ತು, ರಾತ್ರಿ ಮಲಗಿದ ಮೇಲೆ ಅಣ್ಣ ಮತ್ತು ನಾನೂ ಮಡಚಿಕೊಳ್ಳುತ್ತಿದ್ದೆವು. ಆಟಿಯಲ್ಲಿ ಅಪ್ಪ ತಮ್ಮ ಅಪ್ಪ ಅಮ್ಮನಿಗೆ ಬಡಿಸಿ ಬಾಗಿಲು ಎಳೆದುಕೊಂಡರೆ, ನಾವೆಲ್ಲ ಚಾಳಿನ ಗ್ಯಾಲರಿಯಲ್ಲಿ ಮಳೆಯ ಇರಚಲು ತಪ್ಪಿಸಿಕೊಂಡು ನಿಲ್ಲುತ್ತಿದ್ದೆವು. ಒಳಗಿಂದ ಕೋಳಿ ಪದಾರ್ಥದ ಪರಿಮಳ. ನಾನು ಬಾಗಿಲ ಸಂದಿಗೆ ಕಣ್ಣು ಹಚ್ಚಿದರೆ ಅಪ್ಪ ಕಿವಿ ಹಿಡಿದು ಎಳೆಯುತ್ತಿದ್ದರು.

"ಗಿರಾಕಿ ಉಣ್ಣುವಾಗ ಮುಖ ನೋಡ್ಬಾರ್ದು," ಅನ್ನುತ್ತಿದ್ದರು. "ಅವನಿಗೆ ಗಂಟಲಲ್ಲಿ ಇಳಿಯುದಿಲ್ಲ."

ಆ ಗ್ಯಾಲರಿ, ಆ ಹಸಿವು, ನೆರೆಮನೆಯ ಮರಾಠಿ ಮಾವಶಿ ನಮ್ಮ ಅವಸ್ಥೆ ನೋಡಿ ಕೈಗೆ ಹಾಕುತ್ತಿದ್ದ ಚೂರು ಬೆಲ್ಲ, ಎಲ್ಲ ಈಗಲೂ ನೆನಪಾಗುತ್ತದೆ. ಎಷ್ಟೋ ಒಳ್ಳೆಯ ಹೋಟೆಲುಗಳಲ್ಲಿ ಉಂಡಿದ್ದೇನೆ, ಅಂಥ ಹಸಿವು ಮತ್ತೆ ಆಗಲಿಲ್ಲ.

ಈ ಸಲದ ವಿಷಯ ಮಾತಿಗೆ ಬಂದಾಗ ನಳಿನಾಕ್ಷಿ ಹೇಳಿದಳು, "ಮಾವನಿಗೆ ಈ ಸಲ ಟೇಬಲಿನ ಮೇಲೆ ಬಡಿಸುವ. ಕುರ್ಚಿ ಇಟ್ಟು."

ಕಳೆದ ವರ್ಷ ಅವಳ ಎರಡೂ ಮೊಣಕಾಲಿನ ಆಪರೇಷನ್ ಆಗಿತ್ತು. ನೆಲಕ್ಕೆ ಬಗ್ಗಿ ಎಲೆಗೆ ಬಡಿಸುವುದು ಅವಳಿಂದ ಆಗದು. ಬಡಿಸುವ ಕೆಲಸವನ್ನು ಅವಳು ಬೇರೆಯವರಿಗೆ ಬಿಡುವವಳೂ ಅಲ್ಲ. ಹೊಸದಾಗಿ ಮದುವೆಯಾಗಿ ಬಂದಾಗ ಎಲೆಯ ಎಡಕ್ಕೇನು, ಬಲಕ್ಕೇನು, ಸೌಟು ಹೇಗೆ ತಿರುವಿದರೆ ತೊಟ್ಟಿಕ್ಕುವುದಿಲ್ಲ ಎಂದು ಅವಳಿಗೆ ಕಲಿಸಿದವರೇ ಅಪ್ಪ. ಹಾಗಾಗಿ ನಾನು ಮರುಮಾತಿಲ್ಲದೆ ಒಪ್ಪಿದೆ. ಒಪ್ಪದವನು ಅಣ್ಣ.

"ಎಂತ ಟೇಬಲ್?" ಫೋನಿನಲ್ಲೇ ಗುಡುಗಿದ. "ಹಿರಿಯರು ಚಾಪೆಯಲ್ಲಿ ಕೂತು ಉಣ್ಣುವವರು. ಅಪ್ಪನನ್ನು ಹೋಟ್ಲಿಗೆ ಕರೀತಿದ್ದೀಯಾ ನೀನು? ನಳಿನಿಗೆ ಆಗದಿದ್ರೆ ಬೇರೆ ಯಾರಾದ್ರೂ ಬಡಿಸ್ಲಿ. ಟೇಬಲಾದ್ರೆ ಕರೀಲಿಕ್ಕೆ ನಾನು ಬರುದಿಲ್ಲ."

ಇದನ್ನು ನಳಿನಾಕ್ಷಿಗೆ ಹೇಳಿದೆ. ಅವಳು ಬೀನ್ಸ್ ಮುರಿಯುತ್ತಿದ್ದಳು, ತಲೆ ಎತ್ತಲಿಲ್ಲ. "ಬಡಿಸುದಾದ್ರೆ ಟೇಬಲಿನ ಮೇಲೆ, ನನ್ನ ಕೈಯಲ್ಲೇ. ಇಲ್ಲದಿದ್ರೆ ಈ ಮನೇಲಿ ಬಡಿಸುದೇ ಬೇಡ," ಅಂದಳು. ಮದುವೆಯಾದಂದಿನಿಂದ ಒಂದು ಆಟಿಯನ್ನೂ ತಪ್ಪಿಸದ ಹೆಂಗಸು. ಅವಳ ಬಾಯಲ್ಲಿ ಈ ಮಾತು ಕೇಳಿ ನನಗೆ ಹೆದರಿಕೆಯಾಯಿತು. ಹಿರಿಮಗ ಬಂದು ಕರೆಯದೆ ಅಪ್ಪ ಬರುವುದಿಲ್ಲ, ಮೇಜಿಲ್ಲದೆ ಇವಳು ಬಡಿಸುವುದಿಲ್ಲ. ಅಪ್ಪನ ಊಟ ಈ ಇಬ್ಬರ ಹಟದ ನಡುವೆ ಸಿಕ್ಕಿಬಿತ್ತು. ನನ್ನಿಂದ ಆಗುವುದು ಮೇಜು ಮಾತ್ರ, ಅದಕ್ಕೆ ಕೈಹಾಕಿದೆ.

ನಮ್ಮ ಹಾಲಿನಲ್ಲಿ ಸೋಫಾ, ಟಿವಿ, ಮಗಳು ಪ್ರೇಕ್ಷಾಳ ವ್ಯಾಯಾಮದ ಸೈಕಲ್ಲು ಇಟ್ಟ ಮೇಲೆ ಉಳಿಯುವುದು ನಡೆದಾಡುವ ದಾರಿ. ಆದ್ದರಿಂದ ಮೇಜು ಮಡಚಿ ಕಪಾಟಿನ ಹಿಂದೆ ಹೋಗಬೇಕು. ಅಂಗಡಿಯಲ್ಲಿ ಸಿಗುವ ಮಡಚುವ ಮೇಜುಗಳನ್ನು ಥಾಣೆಯಲ್ಲಿ ನೋಡಿ ಬಂದೆ. ಕೈಯಿಟ್ಟರೆ ಸಾಕು, ಜ್ವರ ಬಂದವರ ಹಾಗೆ ನಡುಗುತ್ತವೆ. ನಾನೇ ನಕ್ಷೆ ಬಿಡಿಸಿ, ವಿಠ್ಠಲವಾಡಿಯಲ್ಲಿ ಪರಿಚಯದ ಒಬ್ಬ ಫ್ಯಾಬ್ರಿಕೇಟರನಿಂದ ಮಾಡಿಸುವುದೆಂದು ತೀರ್ಮಾನಿಸಿದೆ.

ಮೇಲೆ ದಪ್ಪ ಪ್ಲೈವುಡ್. ಕೆಳಗೆ ಚೌಕ ಕಬ್ಬಿಣದ ಪೈಪಿನ ಎರಡು ಜೋಡಿ ಕಾಲು, ಒಂದೊಂದು ಜೋಡಿ ಒಂದೊಂದು ತುದಿಯಿಂದ ಒಳಮುಖವಾಗಿ ಮಡಚುವಂತೆ. ಮಡಚುವ ಮೇಜಿನ ಕಷ್ಟವೆಲ್ಲ ಇರುವುದು ಇಲ್ಲೇ. ಮಡಚುವ ಕಾಲಿಗೆ ನಿಲ್ಲುವ ಬುದ್ಧಿ ಕಡಿಮೆ. ಅದಕ್ಕೇ ನಾನು ಎರಡೂ ಬದಿಯ ಕಾಲುಗಳ ನಡುವೆ, ನೆಲದಿಂದ ಒಂದು ಗೇಣು ಮೇಲೆ, ಉದ್ದಕ್ಕೆ ಒಂದು ಅಡ್ಡಪಟ್ಟಿ ಕೊಟ್ಟೆ. ಹಾಕಿದರೆ ಬಿಗಿಯುತ್ತದೆ, ತೆಗೆದರೆ ಮಡಚುತ್ತದೆ. ನೋಡಲೂ ಚೆಂದವಿತ್ತು. ಮಾಡಿಸಿ ತಂದು ಹಾಲಿನಲ್ಲಿ ನಿಲ್ಲಿಸಿ, ಅದರ ಮೇಲೆ ನಾನೇ ಹತ್ತಿ ಕೂತೆ. ಜಪ್ಪಯ್ಯ ಅನ್ನಲಿಲ್ಲ.

ನಳಿನಾಕ್ಷಿ ಕುರ್ಚಿ ಎಳೆದು ಮುಂದೆ ಕೂತು, ಕಾಲು ಚಾಚಿದಳು. "ಈ ಪಟ್ಟಿ ಬೇಡ. ಕಾಲಿಗೆ ಅಡ್ಡ ಬರ್ತದೆ."

"ಯಾರ ಕಾಲಿಗೆ? ನೀನು ನಿಂತು ಬಡಿಸುವವಳಲ್ವಾ?"

"ಬೇಡ ಅಂದ್ರೆ ಬೇಡ."

ಪಟ್ಟಿ ತೆಗೆದರೆ ಮೇಜು ಅಲುಗಾಡಿತು. ಮತ್ತೆ ವಿಠ್ಠಲವಾಡಿಗೆ ಹೊತ್ತುಕೊಂಡು ಹೋದೆ. ಈ ಸಲ ಕಾಲಿನ ನಡುವಿನಿಂದ ಹಲಗೆಯ ನಡುವಿಗೆ ಓರೆಯಾಗಿ ಮಡಚುವ ಪಟ್ಟಿ ಹಾಕಿಸಿದೆ. ಅವಳು ಮತ್ತೆ ಕುರ್ಚಿಯಲ್ಲಿ ಕೂತು ನೋಡಿದಳು. ಈಗ ಮೊಣಕಾಲಿಗೆ ತಾಗುತ್ತದಂತೆ. ಕಾಲನ್ನು ಮಡಚದೆ ನೆಟ್ಟಗೆ ಚಾಚಿ ಕೂರುವಷ್ಟು ಜಾಗ ಬೇಕಂತೆ. ನನಗೆ ಸಿಟ್ಟು ನೆತ್ತಿಗೇರಿತು. ಒಂದು ಎಲೆ ಇಡಲಿಕ್ಕೆ ಇಷ್ಟೆಲ್ಲ ರಾಮಾಯಣವೇ ಎಂದು ಕೂಗಿ, ನಕ್ಷೆ ಮುದುಡಿ ಮೂಲೆಗೆ ಎಸೆದು, ಕೆಳಗಿಳಿದು ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕಡೆ ಹೋಗಿ ಸುಮ್ಮನೆ ನಿಂತೆ. ಮುಲುಂಡಿನ ಸೇತುವೆಯ ಮೇಲೆ ಗಾಡಿಗಳು ಹೋಗುತ್ತಿದ್ದವು. ಆ ಸೇತುವೆಯ ಕಂಬಗಳು ಎಷ್ಟು ದಪ್ಪವೆಂದು ನೋಡುತ್ತಾ ನಿಂತವನಿಗೆ, ಸಿಟ್ಟು ಇಳಿದ ಮೇಲೆ ಬುದ್ಧಿ ಬಂತು. ಅಡ್ಡಪಟ್ಟಿಯನ್ನು ನೆಚ್ಚಿಕೊಂಡು ಕಾಲನ್ನು ಸಪೂರ ಮಾಡಿದ್ದೇ ನನ್ನ ತಪ್ಪು.

ಮನೆಗೆ ಬಂದು ಹೊಸ ನಕ್ಷೆ ಬಿಡಿಸಿದೆ. ಪೈಪು ದಪ್ಪ ಮಾಡಿದೆ. ಕಾಲುಗಳನ್ನು ಮೂಲೆಗೆ ತಂದು, ತುಸು ಹೊರಮುಖವಾಗಿ ಓರೆ ಮಾಡಿದೆ. ಪ್ರತಿ ಕಾಲಿಗೂ ಮೇಲೆ, ಹಲಗೆಗೆ ಅಂಟಿದಂತೆ, ನಡುವೆ ಮಡಚುವ ಒಂದು ಗಿಡ್ಡ ಪಟ್ಟಿ. ಅದು ನೆಟ್ಟಗಾಗಿ ಕೂದಲೆಳೆಯಷ್ಟು ಮುಂದೆ ಹೋಗಿ ಕಚ್ಚಿಕೊಂಡರೆ, ಬೆರಳಿಂದ ಎತ್ತದೆ ಬಿಡುವುದಿಲ್ಲ. ಮಾಡಿಸಿ ತಂದು ನಿಲ್ಲಿಸಿದರೆ ಕೆಳಗೆ ಪೂರ್ತಿ ಖಾಲಿ. ನಳಿನಾಕ್ಷಿ ಕೂತಳು, ಕಾಲು ಚಾಚಿದಳು, ಎರಡೂ ಕಡೆ ಆಡಿಸಿದಳು. ಏನೂ ಹೇಳದೆ ಎದ್ದು ಒಳಗೆ ಹೋಗಿ ನನಗೆ ಚಹಾ ಮಾಡಿ ತಂದಳು. ಮೆಚ್ಚುಗೆ ಅಂದರೆ ನಮ್ಮ ಮನೆಯಲ್ಲಿ ಇಷ್ಟೇ.

ಬಡಿಸುವ ದಿನ ಅಣ್ಣ ಬಂದ. ಬರುವುದಿಲ್ಲ ಎಂದವನು ಕಲ್ಯಾಣದಿಂದ ಬಾಳೆಎಲೆಯ ಕಟ್ಟನ್ನೂ ಕಂಕುಳಲ್ಲಿ ಒಂದು ಹೊಸ ಚಾಪೆಯನ್ನೂ ಹಿಡಿದುಕೊಂಡು ಬಂದಿದ್ದ. ಹಾಲಿನ ನಡುವೆ ಮೇಜು, ಮುಂದೆ ಕುರ್ಚಿ ನೋಡಿ ಅವನ ಮುಖ ಗಂಟಿಕ್ಕಿತು. ಚಾಪೆ ಬಿಡಿಸಲು ಹೊರಟ.

"ಭಾವ, ಚಾಪೆ ಅಲ್ಲಿರ್ಲಿ," ಅಂದಳು ನಳಿನಾಕ್ಷಿ. ದನಿ ಏರಿಸಲಿಲ್ಲ. ಅಷ್ಟರಲ್ಲಿ ಅವಳು ಎಲೆಗೆ ನೀರು ಚಿಮುಕಿಸಿ ಮೇಜಿನ ಮೇಲೆ ಹಾಕಿ ಆಗಿತ್ತು. ಪತ್ರೊಡೆ, ನೀರುದೋಸೆ, ಹುರಿದ ಬಂಗುಡೆ, ಕೋಳಿ ಪದಾರ್ಥ, ಅನ್ನ. ಕೊನೆಗೆ ಅನ್ನದ ನಡುವೆ ಗುಂಡಿ ಮಾಡಿ, ಹೊಯ್ದಳು ನೋಡಿ ಸಾರು, ಸೌಟಿನ ಮೇಲೆ ಸೌಟು, ಎಲೆಯ ಅಂಚಿಗೆ ಬರುವವರೆಗೆ. ಒಂದು ತೊಟ್ಟೂ ಹೊರಗೆ ಬೀಳಲಿಲ್ಲ. ಬಡಿಸಿದ ಎಲೆಯನ್ನು ಎತ್ತಿ ನೆಲಕ್ಕಿಡುವಂತಿಲ್ಲ. ಅಣ್ಣ ಹಲ್ಲು ಕಚ್ಚಿಕೊಂಡು ದೀಪ ಹಚ್ಚಿ, ಅಪ್ಪನನ್ನು ತುಳುವಿನಲ್ಲಿ ಊಟಕ್ಕೆ ಕರೆದ. ಮೂವರೂ ಕೈಮುಗಿದು ಹೊರಗೆ ಬಂದೆವು. ನಾನು ಕ್ರಮದಂತೆ ಬಾಗಿಲು ಎಳೆದುಕೊಂಡೆ.

ಟಕ್ ಅಂತು. ಡೊಂಬಿವಲಿಯ ಬಾಗಿಲಿಗಿದ್ದದ್ದು ಹೊರಗೊಂದು ಚಿಲಕ, ಒಳಗೊಂದು ಚಿಲಕ. ಇಲ್ಲಿಯದು ಎಳೆದರೆ ತಾನೇ ಬೀಗ ಬೀಳುವ ಲ್ಯಾಚು. ಕೀ ಒಳಗೆ ಟಿವಿಯ ಮೇಲಿತ್ತು. ಮನೆಯಲ್ಲಿ ಯಾರೂ ಇಲ್ಲದಾಗ ಹೀಗೆ ಬೀಗ ಹಾಕಿಕೊಂಡವರನ್ನು ನೋಡಿದ್ದೇನೆ. ಒಳಗೆ ಅಪ್ಪನನ್ನು ಊಟಕ್ಕೆ ಕೂರಿಸಿ ಹೊರಗೆ ಸಿಕ್ಕಿಬಿದ್ದವರು ಪ್ರಾಯಶಃ ನಾವೇ.

ಅಣ್ಣನ ಮೊಬೈಲಿನಿಂದ ಪ್ರೇಕ್ಷಾಳಿಗೆ ಫೋನ್ ಮಾಡಿದೆ. ಇನ್ನೊಂದು ಕೀ ಅವಳ ಹತ್ತಿರ ಇರುತ್ತದೆ. ಘೋಡಬಂದರ್ ರಸ್ತೆಯ ಆಫೀಸಿನಿಂದ ಅರ್ಧ ದಿನ ರಜೆ ಹಾಕಿ ಹೊರಟವಳು ಥಾಣೆಯಲ್ಲಿ ಐರೋಲಿಯ ಗಾಡಿಗೆ ಕಾಯುತ್ತಿದ್ದಳು. "ಪಪ್ಪಾ, ಗಾಡಿ ಲೇಟ್ ಆಹೇ. ತುಮ್ಹೀ ಥಾಂಬಾ," ಎಂದಳು, ನೀವು ಅಲ್ಲೇ ಇರಿ ಅಂತ. ಎಲ್ಲಿಗೆ ಹೋಗುವುದು?

"ನಾನು ಬಡ್ಕೊಂಡೆ," ಅಂದ ಅಣ್ಣ. ಇಷ್ಟು ಹೊತ್ತು ಅದುಮಿಟ್ಟದ್ದೆಲ್ಲ ಹೊರಗೆ ಬಂತು. "ಕ್ರಮ ತಪ್ಪಿಸಿದ್ರೆ ಹೀಗೇ ಆಗುದು. ಹಿರಿಯರಿಗೆ ಸಿಟ್ಟು ಬಂದಿದೆ. ಜನ್ಮವಿಡೀ ನೆಲದಲ್ಲಿ ಕೂತು ಉಂಡವರನ್ನು ಕುರ್ಚಿ ಮೇಲೆ ಕೂರಿಸಿದ್ದೀರಿ. ನಳಿನಿಗೆ ಮೊಣಕಾಲು ನೋವು ಅಂತ ಅಪ್ಪ ಯಾಕೆ ಕುರ್ಚಿಯಲ್ಲಿ ಕೂರ್ಬೇಕು?"

ನಳಿನಾಕ್ಷಿ ಗೋಡೆಗೆ ಒರಗಿ ನಿಂತಿದ್ದಳು. "ಟೇಬಲ್ ಮಾಡಿಸಿದ್ದು ನನ್ನ ಮೊಣಕಾಲಿಗಲ್ಲ ಭಾವ," ಅಂದಳು. "ಮಾವನ ಮೊಣಕಾಲಿಗೆ."

ನಾನು ಅವಳ ಮುಖ ನೋಡಿದೆ.

ಆಗ ನಾವೂ ಡೊಂಬಿವಲಿಯಲ್ಲೇ ಬಾಡಿಗೆಗಿದ್ದೆವು. ಅಪ್ಪ ಕೊನೆಯ ವರ್ಷ ಅಣ್ಣನ ಮನೆಯಲ್ಲಿದ್ದಾಗ ಮಧ್ಯಾಹ್ನ ಇವಳು ಹೋಗಿ ನೋಡಿಕೊಳ್ಳುತ್ತಿದ್ದಳು. ಅಣ್ಣನೂ ನಾನೂ ಕೆಲಸದಲ್ಲಿರುತ್ತಿದ್ದ ಹೊತ್ತು ಅದು.

"ಮಾವನಿಗೆ ನೆಲದಲ್ಲಿ ಕೂರ್ಲಿಕ್ಕೆ ಆಗ್ತಿರ್ಲಿಲ್ಲ," ಅಂದಳು. "ಮಂಚದ ತುದಿಯಲ್ಲಿ ಕಾಲು ನೀಡಿ ಕೂತು, ಬಟ್ಟಲನ್ನು ತೊಡೆಯ ಮೇಲೆ ಇಟ್ಕೊಳ್ತಿದ್ರು. ಕೈ ನಡುಗ್ತಿತ್ತು. ಒಂದ್ಸಲ ಸಾರು ಮೈಮೇಲೆ ಚೆಲ್ಲಿತು, ಮಂಚದ ಮೇಲೂ. ಆಮೇಲೆ ಅವರು ಸಾರು ಹಾಕಿಸಿಕೊಳ್ಳಲೇ ಇಲ್ಲ. ಬರೀ ಅನ್ನ ಉಂಡು ಕೈ ತೊಳೀತಿದ್ರು. ಕೇಳಿದ್ರೆ ಸಾರು ಸೇರುದಿಲ್ಲ ಅಂತ."

"ನನ್ನ ಹತ್ರವೂ ಹಾಗೇ ಹೇಳಿದ್ರು," ಅಂದ ಅಣ್ಣ. ದನಿ ಕುಸಿದಿತ್ತು. "ಸೇರುದಿಲ್ಲ ಅಂತ."

"ನಾನೊಂದು ಟೇಬಲ್ ತರಿಸ್ತೇನೆ ಅಂದೆ. ಹರಿಶ್ಚಂದ್ರನಿಗೆ ಹೇಳ್ಬೇಡ, ಈ ಕೋಣೆಯಲ್ಲಿ ಜಾಗ ಎಲ್ಲುಂಟು, ಪಾಪ, ಅವನಿಗೆ ಬೇಜಾರಾಗ್ತದೆ ಅಂದ್ರು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ತೀರಿಹೋದ ಮೇಲೆ ವರ್ಷ ವರ್ಷ ಅವರನ್ನು ಕರೆದು ಅದೇ ಚಾಪೆ ತೋರಿಸ್ತಿದ್ದೇವೆ. ಸತ್ತ ಮೇಲೆ ಮೊಣಕಾಲು ನೆಟ್ಟಗಾಗ್ತದೆ ಅಂತ ಯಾರಾದ್ರೂ ಬಂದು ಹೇಳಿದ್ದಾರಾ ಭಾವ?"

ಥಾಣೆಯ ಹೋಟೆಲಿನಲ್ಲಿ ಅಪ್ಪ ಒಂದು ಕೈಯಲ್ಲಿ ಸಾಂಬಾರಿನ ಬಕೆಟ್ಟು, ಇನ್ನೊಂದು ಕೈಯಲ್ಲಿ ಸಾಲು ತಟ್ಟೆ ಹಿಡಿದು, ಮೇಜುಗಳ ನಡುವೆ ಹಾವಿನ ಹಾಗೆ ನುಸುಳುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಮನುಷ್ಯ ಒಂದು ಬಟ್ಟಲು ಸಾರಿಗೆ ಹೆದರಿ ಬರೀ ಅನ್ನ ಉಂಡ. ನನಗೆ ದುಃಖ ಒತ್ತರಿಸಿ ಬಂತು. ಅಣ್ಣ ಮೆಟ್ಟಿಲ ಮೇಲೆ ಕುಸಿದು ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ನಳಿನಾಕ್ಷಿ ಹೋಗಿ ಅವನ ಹತ್ತಿರ ನಿಂತಳು.

ಲಿಫ್ಟಿನ ಬಾಗಿಲು ತೆರೆದು ಪ್ರೇಕ್ಷಾ ಬಂದಾಗ ಅವಳ ಕೊಡೆಯಿಂದ ನೀರು ಸೋರುತ್ತಿತ್ತು. "ಸಾರಿ ಪಪ್ಪಾ, ಟ್ರೇನ್ ಬಹುತ್ ಲೇಟ್ ಥೀ," ಎನ್ನುತ್ತಾ ಪರ್ಸಿನಿಂದ ಕೀ ತೆಗೆದು ಬಾಗಿಲ ಕಡೆ ಹೋದಳು.

"ಇರು ಮಗಾ," ಅಂದ ಅಣ್ಣ. "ತೆಗೀಬೇಡ."

"ದೊಡ್ಡಪ್ಪ, ಬಹುತ್ ಟೈಮ್ ಹೋ ಗಯಾ ನಾ?" ತುಂಬಾ ಹೊತ್ತಾಯಿತಲ್ಲ ಎಂದು ಅವಳ ಪ್ರಶ್ನೆ.

"ಆಗ್ಲಿ. ನಿಧಾನ ಉಣ್ಣಲಿ ಅವರು." ಅವನು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದ. ಅವನ ದನಿಯಲ್ಲಿ ನಾನು ಅದುವರೆಗೆ ಕೇಳದ ಒಂದು ಅಂಜಿಕೆ ಇತ್ತು. "ಯಶ್ವಂತ, ಉಂಡು ಏಳುವಾಗ ಅಪ್ಪ ಟೇಬಲಿಗೆ ಕೈ ಊರ್ತಾರೆ. ಇಡೀ ಭಾರ ಹಾಕಿ ಊರ್ತಾರೆ. ತಡೀತದಾ ಅದು?"

"ಊರ್ಲಿ ಅಣ್ಣ," ಅಂದೆ. "ತಡೀತದೆ."

ಪ್ರೇಕ್ಷಾ ಕೀಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಮ್ಮ ಜೊತೆ ಗೋಡೆಗೆ ಒರಗಿ ನಿಂತಳು.