ಅಣ್ಣ ಹಾಕಿದ ಪೆಟ್ರೋಲ್ ದಾರಿ

ನಮ್ಮಣ್ಣ ವಿಮಾನ ಕಟ್ಟುತ್ತಿದ್ದಾನೆಂದರೆ ಜನ ಮೊದಲು ನಗುತ್ತಿದ್ದರು, ಆಮೇಲೆ ಹಾರಿಸುವವರು ಯಾರು ಎಂದು ಕೇಳುತ್ತಿದ್ದರು. ಹಾರಿಸುವವಳು ನಾನು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅಣ್ಣನಿಗೆ ಕಣ್ಣಿನ ದೆಸೆಯಿಂದ ಲೈಸೆನ್ಸ್ ಸಿಗಲಿಲ್ಲ. ಹಾಗಾಗಿ ಕಲಿಯಲು ನನ್ನನ್ನು ಕಳಿಸಿದ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿ ಬೆಳೆಸಿದವನೂ ಅವನೇ. ಮನೆಯ ಹಿಂದಿನ ಶೆಡ್ಡಿನಲ್ಲಿ ಪುಟ್ಟ ವಿಮಾನ ಮೂತಿ, ರೆಕ್ಕೆ, ಬಾಲ ಎಲ್ಲ ಪಡೆದು ನಿಂತಿತ್ತು. ಬಾಕಿ ಇದ್ದದ್ದು ಒಂದೇ, ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲ್ ಹೋಗುವ ದಾರಿ.

ಅದು ಮಾತ್ರ ಮುಗಿಯಲೊಲ್ಲದು.

ಟ್ಯಾಂಕುಗಳಿರುವ ರೆಕ್ಕೆ ತಲೆಯ ಮೇಲಿದೆ, ಇಂಜಿನ್ ಕೆಳಗಿದೆ. ಪೆಟ್ರೋಲ್ ತಾನಾಗಿಯೇ ಇಳಿದು ಬರುತ್ತದೆ. ಅಣ್ಣ ಮೊದಲು ಹಾಗೆಯೇ ಮಾಡಿದ್ದ. ನಾನು ಲೈಸೆನ್ಸ್ ಹಿಡಿದು ಬಂದ ದಿನದಿಂದ ಅವನಿಗೆ ಏನಾಯಿತೋ, ಒಂದು ಪಂಪ್ ಸೇರಿಸಿದ. ಅದು ಕೆಟ್ಟರೆ ಎಂದು ಇನ್ನೊಂದು. ಎರಡೂ ಕೆಟ್ಟರೆ ಎಂದು ಅವುಗಳನ್ನು ಬಿಟ್ಟು ಸುತ್ತಿ ಹೋಗುವ ಪೈಪು, ಅದಕ್ಕೊಂದು ವಾಲ್ವ್. ಒಂದು ಟ್ಯಾಂಕ್ ಸೋರಿದರೆ ಎಂದು ಎಡ-ಬಲ ಬದಲಿಸುವ ಮತ್ತೊಂದು.

"ಅಣ್ಣಾ, ಇದು ವಿಮಾನಾನೋ ನೀರು ಬಿಡೋ ಆಫೀಸೋ?"

"ಮೇಲೆ ಹೋದ್ಮೇಲೆ ರಸ್ತೆ ಪಕ್ಕ ನಿಲ್ಲಿಸಿ ಬಾನೆಟ್ ಎತ್ತೋಕಾಗಲ್ಲ ಪುಟ್ಟಿ. ಸುಮ್ನಿರು."

ನನಗೋ ಮೂಗಿನ ತುದಿಯಲ್ಲೇ ಕೋಪ. ಸ್ಪ್ಯಾನರ್ ಬಿಸಾಕಿ ಅಡುಗೆಮನೆಗೆ ಹೋದೆ. ಅತ್ತಿಗೆ ತಲೆ ಎತ್ತದೆಯೇ, "ಅವರಿಗೆ ಒಂದು ಕೆಟ್ಟ ಯೋಚನೆ ಬಂದಾಗಲೆಲ್ಲ ಒಂದು ವಾಲ್ವ್ ಹುಟ್ಟುತ್ತೆ. ನಿದ್ದೇನೂ ಮಾಡ್ತಿಲ್ಲ" ಎಂದರು. ನನ್ನ ಕೋಪ ಅರ್ಧ ಇಳಿಯಿತು.

ಕೊನೆಗೆ ಒಂದು ಪರೀಕ್ಷೆ ಮಾಡಿ ನೋಡೋಣವೆಂದೆ. ವಿಮಾನವನ್ನು ಅಂಗಳಕ್ಕೆ ತಂದು, ಬಾಲವನ್ನು ಕಂಬಕ್ಕೆ ಕಟ್ಟಿ, ಇಂಜಿನ್ ಶುರು ಮಾಡಿದೆವು. ನಾನು ಕಣ್ಣಿಗೆ ಟವೆಲ್ ಕಟ್ಟಿಕೊಂಡು ಕೂತೆ. ಮೇಲೆ ಗಾಬರಿಯಾದಾಗ ಹುಡುಕಲು ಪುರಸೊತ್ತಿರುವುದಿಲ್ಲ, ಕೈಗೇ ಗೊತ್ತಿರಬೇಕು. ಅಣ್ಣ ವಿಮಾನದ ಬಾಗಿಲ ಬಳಿ ನಿಂತು ಕೂಗಿದ: "ಎಡಗಡೆ ಟ್ಯಾಂಕ್ ಖಾಲಿ!"

ತಟ್ಟನೆ ಕೈ ಹಾಕಿ ತಿರುಗಿಸಿದೆ. ಇಂಜಿನ್ ಸ್ವಲ್ಪ ಹೊತ್ತು ಓಡಿತು, ಕೆಮ್ಮಿತು, ನಿಂತೇಬಿಟ್ಟಿತು.

ಟವೆಲ್ ತೆಗೆದು ನೋಡಿದರೆ ಟ್ಯಾಂಕ್ ಬದಲಿಸುವ ಬದಲು ಎರಡನ್ನೂ ಮುಚ್ಚಿಬಿಟ್ಟಿದ್ದೆ. ಮೇಲೆ ಎರಡು ಟ್ಯಾಂಕ್ ತುಂಬ ಪೆಟ್ರೋಲ್, ಕೆಳಗೆ ಎರಡು ಪಂಪು, ಇಂಜಿನ್ನಿಗೆ ಮಾತ್ರ ಒಂದು ತೊಟ್ಟೂ ಇಲ್ಲ. ನನಗೆ ನಗು ಬಂತು. ಅಣ್ಣನ ಕಡೆ ತಿರುಗಿದೆ. ಅವನು ನೆಲದ ಮೇಲೆ ಕುಸಿದು ಕೂತಿದ್ದ.

"ನಾನೇ ನಿನ್ನ ಕೊಂದ್ಬಿಡ್ತಿದ್ದೆ" ಎಂದ.

"ಬಿಡ್ತು ಅನ್ರಿ!" ಎಂದು ಅಂಗಳದಲ್ಲೇ ನಿಂತು ನೋಡುತ್ತಿದ್ದ ಅತ್ತಿಗೆ ಗದರಿದರು. ಆಮೇಲೆ ಅವನ ಪಕ್ಕದಲ್ಲಿ ಕೂತು ಮೆತ್ತಗೆ ಹೇಳಿದರು: "ನಿಮ್ಮ ಒಂದೊಂದು ಭಯಕ್ಕೂ ಒಂದೊಂದು ವಾಲ್ವ್ ಇಟ್ರಿ. ತಿರುಗಿಸೋಕೆ ಅವಳಿಗಿರೋದು ಎರಡೇ ಕೈ ಕಣ್ರೀ."

ನಾನೂ ಇಳಿದು ಬಂದು ಎದುರಿಗೆ ಕೂತೆ. ಈ ಮನುಷ್ಯನಿಗೆ ನನ್ನ ಮೇಲೆ ಇಷ್ಟು ಪ್ರೀತಿ, ಅದನ್ನು ಬಾಯಿಬಿಟ್ಟು ಹೇಳಲು ಬಾರದೆ ಪೈಪು ಎಳೆದಿದ್ದಾನೆ ಎನ್ನಿಸಿ ಎದೆ ತುಂಬಿ ಬಂತು.

"ನಂಗೂ ಹೆದರಿಕೆ ಇದೆ ಅಣ್ಣಾ. ಅದು ನನ್ ಹತ್ರ ಸ್ವಲ್ಪ, ನಿನ್ ಹತ್ರ ಸ್ವಲ್ಪ ಇರ್ಲಿ. ಪೈಪಿನೊಳಗೆ ಮಾತ್ರ ಬೇಡ."

ಮರುದಿನ ಬಿಚ್ಚಲು ಕೂತ. ಪಂಪುಗಳು ಹೋದವು, ಸುತ್ತು ಪೈಪು ಹೋಯಿತು. ಒಂದೊಂದನ್ನು ತೆಗೆಯುವಾಗಲೂ ನನ್ನ ಮುಖ ನೋಡುತ್ತಿದ್ದ. ಅಳೆದೂ ಸುರಿದೂ ಕೊನೆಗೆ ಉಳಿದದ್ದು ಇಷ್ಟು: ಎರಡೂ ಟ್ಯಾಂಕಿನಿಂದ ಇಳಿದು ಒಂದಾಗುವ ಪೈಪು, ತಗ್ಗಿನಲ್ಲಿ ನೀರು ಕಸ ನಿಲ್ಲಲು ಜಾಲರಿಯ ಬಟ್ಟಲು, ತೆರೆದು ಮುಚ್ಚುವ ಒಂದೇ ವಾಲ್ವ್.

ಮೇಲೇರುವಾಗ ಮೂತಿ ಎತ್ತಿರುತ್ತದೆ, ಆಗಲೂ ಪೆಟ್ರೋಲ್ ಧಾರಾಳವಾಗಿ ಬರಬೇಕು. ಅದನ್ನು ನೋಡಲು ಮುಂದಿನ ಚಕ್ರಗಳನ್ನು ಹಲಗೆ ಪೇರಿಸಿ ಎತ್ತರಿಸಿದೆವು. ಟ್ಯಾಂಕಿನ ತಳದಲ್ಲಿ ಸ್ವಲ್ಪವೇ ಬಿಟ್ಟು, ಇಂಜಿನ್ ಬಳಿ ಪೈಪ್ ಬಿಚ್ಚಿದೆವು. ಅತ್ತಿಗೆ ಅಳತೆಯ ಕ್ಯಾನ್ ಹಿಡಿದರು. ಇಂಜಿನ್ ಪೂರ್ತಿ ಜೋರಿನಲ್ಲಿ ಕುಡಿಯುವುದಕ್ಕಿಂತ ಒಂದೂವರೆ ಪಟ್ಟು ಬಂತು. ಅಣ್ಣ ಇನ್ನೊಮ್ಮೆ ಎಂದ. ಅಷ್ಟೇ ಬಂತು. ಮತ್ತೊಮ್ಮೆ ಎಂದ.

"ಕೈ ಬಿದ್ದೋಗ್ತಿದೆ ರೀ" ಎಂದರು ಅತ್ತಿಗೆ. "ಅಷ್ಟೇ ಬರುತ್ತೆ ಅಂತ ಬರೆದು ಸಹಿ ಹಾಕ್ಕೊಡ್ಲಾ?"

ಹಾರುವ ದಿನ ಬೆಳಿಗ್ಗೆ ಗಾಳಿ ತಣ್ಣಗಿತ್ತು. ನಾನು ಕಲಿತ ಫ್ಲೈಯಿಂಗ್ ಕ್ಲಬ್ಬಿನ ರನ್‌ವೇ ಬದಿಯಲ್ಲಿ ಇಂಜಿನ್ ಹದವಾಗಿ ಬಿಸಿಯಾಯಿತು. ಚಕ್ರದ ಮುಂದೆ ಅಡ್ಡವಿಟ್ಟ ಮರದ ತುಂಡಿನ ಹಗ್ಗ ಅಣ್ಣನ ಕೈಯಲ್ಲಿತ್ತು. ಎಳಿ ಎಂದು ಸನ್ನೆ ಮಾಡಿದೆ. ಅವನು ಎಳೆಯಲಿಲ್ಲ. ಕೈಯಲ್ಲಿ ಹಗ್ಗ ಹಿಡಿದುಕೊಂಡು ನನ್ನನ್ನೇ ನೋಡುತ್ತ ನಿಂತ.

ಬೇರೆ ದಿನವಾಗಿದ್ದರೆ ಕೂಗಾಡಿಬಿಡುತ್ತಿದ್ದೆ. ಅಂದು ಕಾದೆ. ಇನ್ನು ಸೇರಿಸುವುದಕ್ಕೂ ಏನೂ ಇಲ್ಲ, ತೆಗೆಯುವುದಕ್ಕೂ ಏನೂ ಇಲ್ಲ ಎಂಬುದು ಅವನಿಗೂ ಗೊತ್ತಿತ್ತು. ಅತ್ತಿಗೆಯೂ ದೂರದಲ್ಲಿ ನಿಂತು ಕಾಯುತ್ತಿದ್ದರು.

ಅಣ್ಣ ತೋಳಿನಿಂದ ಕಣ್ಣೊರೆಸಿಕೊಂಡು ಹಗ್ಗ ಎಳೆದ.