ಗಾಡಿಯ ಮುಂದಿನ ಸೀಟು

ನಮ್ಮ ಗಾಡಿಯ ಮುಂದೆ ಇರುವುದು ಎರಡೇ ಸೀಟು. ಒಂದು ಇವರದು, ಇನ್ನೊಂದು ನನ್ನದು. ಮದುವೆಯಾದ ಮೇಲೆ ಅದು ಹಾಗೆಯೇ ನಡೆದು ಬಂದಿತ್ತು. ಗೋಡೌನಿನಲ್ಲಿ ಬಣ್ಣದ ಡಬ್ಬ ತುಂಬಿಕೊಂಡು ಹಾರ್ಡ್‌ವೇರ್ ಅಂಗಡಿಗಳ ಬೀದಿಗೆ ಹೋಗುತ್ತೇವೆ. ಇವರು ಹೊರುತ್ತಾರೆ, ನಾನು ಗಾಡಿ ಕಾಯುತ್ತೇನೆ.

ಆ ವಾರ ನನ್ನ ಸೀಟಿನಲ್ಲಿ ಬೇರೊಬ್ಬಳು ಬಂದು ಕೂತಳು.

ಮಹಾನಗರ ಯೋಜನಾ ಕಚೇರಿಯ ಹುಡುಗಿ. ಸರಕಿನ ಗಾಡಿ ನಿಲ್ಲಿಸಿ ಮಾಲು ಇಳಿಸುವುದಕ್ಕೆಂದೇ ಬೀದಿಯಲ್ಲಿ ಜಾಗ ಬಿಡಿಸುತ್ತಾರಂತೆ. ಈ ವರ್ಷದ ಅನುದಾನ ಒಂದೇ ಬೀದಿಗೆ ಸಾಲುತ್ತದಂತೆ. ಅದು ನಮ್ಮ ಬೀದಿಗೋ, ಬಟ್ಟೆ ಅಂಗಡಿಗಳ ಬೀದಿಗೋ ಎಂದು ಗೊತ್ತುಮಾಡಲು ಅವಳು ಡ್ರೈವರ್ ಪಕ್ಕ ಕೂತು, ಜಾಗಕ್ಕಾಗಿ ಎಷ್ಟು ಅಲೆಯಬೇಕಾಗುತ್ತದೆ ಎಂದು ನೋಡಬೇಕು. ನಮಗೆ ಆ ಜಾಗ ಸಿಗಲೇಬೇಕಿತ್ತು. ದೂರದ ಅಡ್ಡರಸ್ತೆಯಲ್ಲಿ ಗಾಡಿ ಬಿಟ್ಟು ಡಬ್ಬ ಹೊತ್ತು ಹೊತ್ತು ಇವರ ಸೊಂಟ ಕೈಕೊಡುತ್ತಾ ಬಂದಿತ್ತು. ಬೆಳಿಗ್ಗೆ ಗೋಡೆ ಹಿಡಿಯದೆ ಏಳುತ್ತಿರಲಿಲ್ಲ.

"ನೀನು ಹಿಂದೆ ಡಬ್ಬಗಳ ಜೊತೆ ಕೂತ್ಕೊಳ್ಳೇ. ಸ್ವಲ್ಪ ದಿನ ಅಷ್ಟೇ," ಎಂದರು.

ಹೂಂ ಎಂದೆ. ಬಾಗಿಲಲ್ಲಿ ನಿಂತಿದ್ದ ಅತ್ತೆ, "ಸೀಟು ಹೋದ್ರೆ ಹೋಗ್ಲಿ ಬಿಡೇ, ಡ್ರೈವರ್ ಹೋಗದಿದ್ರೆ ಸಾಕು," ಎಂದು ನಕ್ಕರು. ಅವರಿಗೇನು, ತಮಾಷೆ.

ಹಿಂದೆ ಕೂತರೆ ಸಣ್ಣ ಗಾಜಿನ ಕಿಂಡಿಯಲ್ಲಿ ಇಬ್ಬರ ತಲೆಯೂ ಕಾಣುತ್ತಿತ್ತು. ನನ್ನ ಜೊತೆ ಸಿಗ್ನಲ್ಲಿಗೊಂದು ಮಾತಾಡುವ ಇವರು ಈಗ ಬಾಯಿ ಮುಚ್ಚಿದರೆ ಕೇಳಿ. ಗಾಡಿ ಕಲಿಯುವಾಗ ಯಾರದೋ ಕಾಂಪೌಂಡಿಗೆ ಗುದ್ದಿ, ಗಾಡಿ ಬಿಟ್ಟು ಓಡಿಹೋಗಿದ್ದರಂತೆ. ಆ ಕಥೆ ನನಗೇ ಗೊತ್ತಿರಲಿಲ್ಲ.

"ನಮ್ಮಂಥ ಗಾಡಿ ಒಂದು ದಿನ ನಿಂತರೆ ಊರು ನಡೆಯುತ್ತಾ ಮೇಡಂ?"

"ಎಲ್ಲಿಂದ ನಡೆಯುತ್ತೆ! ಆದರೂ ದುಡ್ಡೆಲ್ಲ ಕಾರಿನವರ ಮೇಲ್ಸೇತುವೆಗೇ ಹೋಗುತ್ತೆ."

ಎಷ್ಟು ಚೆನ್ನಾಗಿ ಮಾತಾಡುತ್ತಾಳೆ! ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಕಿಂಡಿಯಲ್ಲಿ ಅವಳ ಕೂದಲಿನ ಕ್ಲಿಪ್ಪನ್ನು ನೋಡಿದಷ್ಟೂ ನನ್ನ ಹೊಟ್ಟೆ ಉರಿಯುತ್ತಿತ್ತು.

ಮಾತು ಬಾರದಿದ್ದರೇನು, ಕೆಲಸ ಬರುತ್ತದಲ್ಲ. ಬೀದಿಯ ಬಾಯಿಗೆ ಬರುತ್ತಿದ್ದಂತೆ ಹಿಂದಿನಿಂದ ಹಾರಿ, ಮುಂದೆ ಓಡಿ, ಎಲ್ಲಿ ಒಂದಿಷ್ಟು ಜಾಗ ಕಂಡರೂ ಕೈ ಚಾಚಿ ನಿಂತುಬಿಡುತ್ತಿದ್ದೆ. ಕಾರಿನವರು ಹಾರ್ನ್ ಹೊಡೆದರೂ ಜಗ್ಗುತ್ತಿರಲಿಲ್ಲ. ಇವರು ಬಂದು ರಿವರ್ಸ್ ಹಾಕಿ ನಿಲ್ಲಿಸುತ್ತಿದ್ದರು. ಮೊದಲೂ ಆಗೊಮ್ಮೆ ಈಗೊಮ್ಮೆ ಹಾಗೆ ಮಾಡುತ್ತಿದ್ದೆ. ಆ ವಾರ ಮಾತ್ರ ಒಂದು ಅಂಗಡಿಯನ್ನೂ ಬಿಡಲಿಲ್ಲ. ಈ ಗಾಡಿ ಯಾರಿಂದ ನಡೆಯುತ್ತದೆ ಎಂದು ಅವಳು ಕಣ್ಣಾರೆ ನೋಡಲಿ ಅಂತ.

ವಾರದ ಕೊನೆಗೆ ಟೀ ಅಂಗಡಿಯ ಮುಂದೆ ಅವಳೇ ಹೇಳಿದಳು. "ನಿಮ್ಮ ಬೀದಿಯಲ್ಲಿ ತೊಂದರೆಯೇ ಇಲ್ಲವಲ್ರೀ. ಬಂದ ತಕ್ಷಣ ಜಾಗ ಸಿಗುತ್ತೆ. ಬಟ್ಟೆ ಬೀದಿಯಲ್ಲಿ ಗಾಡಿಗಳು ಸುತ್ತಿ ಸುತ್ತಿ ಸಾಯ್ತಿವೆ. ಅನುದಾನ ಅಲ್ಲಿಗೇ ಹೋಗೋದು."

ಇವರ ಮುಖ ಬಿಳಿಚಿತು. "ಅಯ್ಯೋ, ಜಾಗ ಎಲ್ಲಿ ಸಿಗುತ್ತೆ ಮೇಡಂ! ಇವಳು ಓಡಿಹೋಗಿ ಹಿಡೀತಾಳೆ!"

ಅವಳು ನನ್ನತ್ತ ತಿರುಗಿದಳು. "ಹೌದಾ? ಎಲ್ಲ ಗಾಡಿಯಲ್ಲೂ ಕೂಲಿಯವರು ಹೀಗೇ ಮಾಡ್ತಾರೆ ಅಂದುಕೊಂಡಿದ್ದೆ."

"ಕೂಲಿಯವಳಲ್ಲ, ನನ್ನ ಹೆಂಡತಿ."

ಅಷ್ಟು ದಿನ ಪಕ್ಕದಲ್ಲಿ ಕೂರಿಸಿಕೊಂಡು ಕಾಂಪೌಂಡಿನ ಕಥೆ ಹೇಳಿದ್ದರು. ಇದನ್ನು ಹೇಳಿರಲಿಲ್ಲ.

"ಅಯ್ಯೋ, ಸಾರಿ," ಎಂದಳು ಅವಳು. ನಿಜವಾಗಿಯೂ ನಾಚಿದ್ದಳು, ಅದೂ ನನಗೆ ಸೇರಲಿಲ್ಲ. "ಹಾಗಾದರೆ ಮತ್ತೊಮ್ಮೆ ಮಾಡಬೇಕು. ಸೋಮವಾರದಿಂದ ನೀವು ಮನೆಯಲ್ಲೇ ಇದ್ದುಬಿಡಿ. ನಾವಿಬ್ಬರೇ ಹೋಗ್ತೀವಿ."

ನಾವಿಬ್ಬರೇ. ಇವರು ಸೊಂಟದ ಮೇಲೆ ಕೈಯಿಟ್ಟು ನನ್ನ ಮುಖ ನೋಡುತ್ತಿದ್ದರು. ಹೂಂ ಎಂದೆ.

ಸೋಮವಾರ ಮನೆಯಲ್ಲಿರಲು ಆಗಲಿಲ್ಲ. ಬಸ್ಸು ಹತ್ತಿ ಹೋಗಿ, ಹಾರ್ಡ್‌ವೇರ್ ಅಂಗಡಿಯೊಂದರ ಮುಂದೆ ನಿಲ್ಲಿಸಿದ್ದ ಪೈಪುಗಳ ಹಿಂದೆ ನಿಂತೆ. ನಮ್ಮ ಗಾಡಿ ಬಂತು. ಜಾಗವಿಲ್ಲದೆ ಮುಂದೆ ಹೋಯಿತು. ಸುತ್ತಿ ಮತ್ತೆ ಬಂತು, ಮತ್ತೆ ಹೋಯಿತು. ಗಾಜಿನಾಚೆ ಇವರು ಏನೋ ಹೇಳುತ್ತಿದ್ದರು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಒಂದೊಂದು ಸುತ್ತೂ ಅವಳ ಲೆಕ್ಕಕ್ಕೆ ಸೇರುತ್ತದೆ, ಇವರ ಸೊಂಟಕ್ಕೆ ಒಳ್ಳೆಯದು. ನನಗೆ ಮಾತ್ರ ಜೀವ ಹಿಂಡಿದ ಹಾಗಾಗುತ್ತಿತ್ತು.

ಅಷ್ಟರಲ್ಲಿ ನನ್ನೆದುರೇ ನಿಂತಿದ್ದ ಕಾರೊಂದು ಹೊರಟಿತು. ನನ್ನ ಕಾಲು ತಾನಾಗಿಯೇ ರಸ್ತೆಗಿಳಿಯಿತು. ಕೈ ಚಾಚಿ ನಿಂತೆ.

ಗಾಡಿ ಬಂತು. ಅವಳು ತಲೆ ತಗ್ಗಿಸಿ ಏನೋ ಬರೆಯುತ್ತಿದ್ದಳು. ಇವರು ನನ್ನನ್ನು ನೋಡಿದರು. ಗಾಡಿ ನಿಧಾನವಾಯಿತು. ಬೇಡ ಎನ್ನುವಂತೆ ಸ್ವಲ್ಪವೇ ತಲೆ ಅಲ್ಲಾಡಿಸಿ, ಇವರು ಮುಂದೆ ಹೋಗಿಬಿಟ್ಟರು.

ಹಿಂದಿನ ಕಾರಿನವನು ಹಾರ್ನ್ ಹೊಡೆದು ತಲೆ ಹೊರಹಾಕಿದ. "ಯಾರಿಗಮ್ಮ ಹಿಡ್ಕೊಂಡು ನಿಂತಿದ್ದೀಯ ಜಾಗಾನ?"

"ಯಾರಿಗೂ ಇಲ್ಲ," ಎಂದು ಪಕ್ಕಕ್ಕೆ ಸರಿದೆ. ಅವನು ಕಾರು ತಂದು ನಿಲ್ಲಿಸಿದ.

ಬೇಡ ಅಂದದ್ದು ಆ ಜಾಗಕ್ಕೋ, ನನಗೋ? ಸಂಜೆ ಕೇಳಿಯೇಬಿಡಬೇಕು ಎಂದುಕೊಂಡೆ. ತಿರುವಿನಲ್ಲಿ ಗಾಡಿ ಮತ್ತೆ ಕಾಣಿಸಿತು. ನಾನು ಪೈಪುಗಳ ಹಿಂದೆ ಹೋಗಿ ನಿಂತೆ.