ಗ್ರೀಸಿನ ಗಾಳಿ, ನೋಯ್ಡಾದ ಕುರ್ಚಿ

“ಏ ಅಹಲ್ಯಾ, ಕುಂದ್ರ ಸುಮ್ಕ. ಗ್ರೀಸಿನಾಗ ಗಾಳಿ ಎದ್ದೈತಿ. ಉಚ್ಚಿ ಮನ್ಯಾಗ ಮುಗಿಸ್ಕೊಂಡ್ ಬರಾಕ ನಿನಗೇನ್ ಧಾಡಿ?”

ಹೆಡ್‌ಫೋನ್ ಹಾಕಿಕೊಂಡು ಒಂದರ ಹಿಂದೊಂದು ಕರೆಗೆ ಉತ್ತರಿಸುತ್ತಿದ್ದ ಅಹಲ್ಯಾ ಎತ್ತಿದ ಕೈ ಇಳಿಸಿದಳು. ಟೀಮ್ ಲೀಡರ್ ಮಹಂತೇಶ್ ಬೇರೆಯವರನ್ನು ಹಿಂದಿಯಲ್ಲಿ ಬೈಯುತ್ತಾನೆ. ಇವಳು ವಿಜಯಪುರದ ಕಡೆಯವಳೆಂದು ಕನ್ನಡದ ಸಲಿಗೆ.

ನೋಯ್ಡಾದ ಈ ಕಿಟಕಿಯಿಂದ ಕಾಣುವ ನೀರೆಂದರೆ ಕೆಳಗಿನ ಚರಂಡಿಯದು. ಆದರೂ ಗ್ರೀಸಿನ ಪುಟ್ಟ ದ್ವೀಪಗಳ ನಡುವೆ ಓಡಾಡುವ ಹಡಗುಗಳ ಪ್ರಯಾಣಿಕರಿಗೆಲ್ಲ ಇಲ್ಲಿಂದಲೇ ಉತ್ತರ. ಗಾಳಿ ಜೋರಾದರೆ ಅಲ್ಲಿ ಹಡಗು ನಿಲ್ಲುತ್ತದೆ, ಇಲ್ಲಿ ಫೋನು ನಿಲ್ಲುವುದಿಲ್ಲ. ಅಂಥ ದಿನ ಕುರ್ಚಿ ಬಿಟ್ಟು ಎದ್ದರೆ ಕೆಲಸ ಹೋದಂತೆ. ಹಾಗಾಗಿ ಇಲ್ಲಿನ ಹೆಂಗಸರು ಮನೆಯಲ್ಲೇ ಮೊಬೈಲಿನಲ್ಲಿ ಆ ಸಮುದ್ರದ ಗಾಳಿ ನೋಡಿಕೊಂಡು, ಟೀ ಕುಡಿಯುವುದೋ ಬೇಡವೋ ಎಂದು ತೀರ್ಮಾನಿಸುತ್ತಾರೆ. “ಅಕ್ಕಾ, ಹವಾ ತೇಜ್ ಹೈ, ಚಾಯ್ ಕ್ಯಾನ್ಸಲ್” ಎಂದು ಪಕ್ಕದ ಸೀಟಿನ ಲೀಲಾ ಬೆಳಿಗ್ಗೆಯೇ ಮೆಸೇಜು ಹಾಕಿದ್ದಳು. ಅತ್ತೆ ಅಪರೂಪಕ್ಕೆ ತಾವೇ ಮಾಡಿಕೊಟ್ಟ ಟೀಯನ್ನು ಬೇಡವೆನ್ನಲಾಗದೆ ಅಹಲ್ಯಾ ಕುಡಿದುಬಿಟ್ಟಿದ್ದಳು.

ಇನ್ನೊಂದು ಕಟ್ಟಳೆಯೂ ಇತ್ತು. ಮೇಲಿನಿಂದ ಅಪ್ಪಣೆ ಬರುವವರೆಗೆ ಹಡಗಿಲ್ಲ ಅನ್ನಬಾರದು, ಈಗ ಬರುತ್ತದೆ ಅನ್ನಬೇಕು. ಇಲ್ಲವಾದರೆ ಜನ ಬೇರೆ ಕಂಪನಿಯ ದೊಡ್ಡ ಹಡಗಿಗೆ ಹೋಗಿಬಿಡುತ್ತಾರಂತೆ. ಹೋದ ತಿಂಗಳು ನಿಜ ಹೇಳಿದ ಸುಮಿತ್ರಾಳನ್ನು ಸಂಜೆಗೇ ಕೆಲಸದಿಂದ ತೆಗೆದು ಕಳಿಸಿದ್ದರು. ಮಾನೇಸರ್‌ನ ಕಾರ್ಖಾನೆಯಲ್ಲಿ ಗಂಡನ ಕೆಲಸ ಹೋದ ಮೇಲೆ ಅಹಲ್ಯಾಳ ಮನೆಗೆ ಅವಳದೊಂದೇ ಸಂಬಳ.

ಮತ್ತೆ ಕರೆ. ಬೆಳಿಗ್ಗೆ ಮಾತಾಡಿದ್ದ ಅದೇ ಮುದುಕಿ, ಅದೇ ಮುರುಕು ಇಂಗ್ಲಿಷು. ಪಕ್ಕದ ದ್ವೀಪದ ತಂಗಿಯ ಮನೆಗೆ ಹೊರಟವಳು.

“ಬಂದರಿನ ಪಾಯಖಾನೆಗೆ ನಿಮ್ಮವರು ಬೀಗ ಜಡಿದಿದ್ದಾರೆ. ಗುಡ್ಡದ ಮೇಲಿನ ಹೋಟೆಲಿಗೆ ಹೋದರೆ ಹಡಗು ತಪ್ಪುತ್ತದೆ. ನೀನು ಈಗ ಬರುತ್ತದೆ ಅಂದೆ ಅಂತ ಕೂತೇ ಇದ್ದೇನೆ. ಇನ್ನೂ ತಡೆದುಕೊಳ್ಳಲಾ?”

ಅಹಲ್ಯಾಳಿಗೆ ನಗು ಉಕ್ಕಿತು. ಈ ಸ್ಥಿತಿಯಲ್ಲಿ ನಗುವುದೂ ಅಪಾಯವೇ. ತುಟಿ ಕಚ್ಚಿ ಹಿಡಿದಳು.

“ಯಾಕೆ ಸುಮ್ಮನಾದೆ? ನೀನೂ ತಡೆದುಕೊಂಡಿದ್ದೀಯಾ? ನಾಲ್ಕು ಹೆತ್ತವಳು ನಾನು, ಉಸಿರಲ್ಲೇ ಗೊತ್ತಾಗುತ್ತದೆ.”

ತಾನು ಹೇಳಿದ ಒಂದು ಸುಳ್ಳಿಗೆ ಅಷ್ಟು ದೂರದ ಹೆಂಗಸೊಬ್ಬಳು ಬೆಂಚಿಗೆ ಅಂಟಿಕೊಂಡು ಕೂತಿದ್ದಾಳೆ.

“ಇವತ್ತು ಹಡಗಿಲ್ಲಮ್ಮ. ನೀವು ಗುಡ್ಡ ಹತ್ತಿ.”

ಮುದುಕಿ ತನ್ನ ಭಾಷೆಯಲ್ಲಿ ಕಂಪನಿಯನ್ನು ಬಾಯ್ತುಂಬ ಬೈದಳು. ಅರ್ಥವಾಗದಿದ್ದರೂ ಕೇಳಲು ಸೊಗಸಾಗಿತ್ತು. ಆಮೇಲೆ ಫೋನಿಟ್ಟಳು.

ಇನ್ನೊಂದು ಕರೆ ಮಿನುಗತೊಡಗಿತು. ಮಹಂತೇಶ್ ಆಚೆ ಸಾಲಿನಲ್ಲಿ ಯಾರ ಮೇಲೋ ಕೂಗಾಡುತ್ತಿದ್ದ. ಅಹಲ್ಯಾ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಏನೆಂದು ಲೀಲಾ ಕಣ್ಣಲ್ಲೇ ಕೇಳಿದಳು. ಮೇಜಿನ ಕೆಳಗೆ ಅಹಲ್ಯಾಳ ಕಾಲು ಚಪ್ಪಲಿ ಹುಡುಕುತ್ತಿತ್ತು.